ಬಳ್ಳಾರಿ ಜಾಲಿಯ ಡೊಂಕು ಮರದಿಂದ ಪೀಠೋಪಕರಣಗಳು

ಹೊಸಪೇಟೆ ತಾಲ್ಲೂಕಿನ ಕಮಲಾಪುರದ ಸುತ್ತಲೂ ಕೆರೆ ಕಾಲುವೆಗಳ ನೀರು ಹರಿಯುವಲ್ಲಿ ಬಾಳೆ, ಕಬ್ಬು, ಭತ್ತಗಳು ಬೆಳೆಯುವುವು. ನೀರು ಏರದ ಮರಡಿಗಳಲ್ಲಿಯೂ ಬೀಳುಬಿದ್ದ ಹೊಲಗಳಲ್ಲಿಯೂ ಬಳ್ಳಾರಿ ಜಾಲಿಯು ಮುತ್ತಿಕೊಂಡಿರುವುದು. ಈ ಮರವು ಈ ದೇಶದ್ದಲ್ಲ. ಅಮೇರಿಕಾ ಖಂಡದ ಒಣಸೀಮೆಗಳ ಈ ಜಾತಿಯನ್ನು 1877ರಲ್ಲಿ ಆಗಿನ ಮದರಾಸು ಪ್ರಾಂತದ ಕಡಪೆಯಲ್ಲಿ ಬೆಳೆಸಿದರು. ದನಕುರಿಗಳು ಸಿಹಿಯಾದ ಕಾಯನ್ನು ತಿಂದು ಬೀಜವನ್ನು ಸಗಣಿ ಹಿಕ್ಕೆಗಳ ಮೂಲಕ ಹೊಲಹೊಲಕ್ಕೂ ಒಯ್ಯುವುದರಿಂದ ಅದು ಬಿತ್ತುವವರಿಲ್ಲದೆಯೇ ಹರಡಿತು. ಅದನ್ನು ಕಡಿಸಿ ಇದ್ದಿಲಿಗೆ ಕೊಡುವುದೇ ವಾಡಿಕೆ.

ಕೊಂಬೆಗಳು ಡೊಂಕಾದುದರಿಂದ ಉದ್ದನೆಯ ಹಲಗೆ ದೊರೆಯದೆಂದು ಬಡಗಿಗಳು ಇದನ್ನು ತಳ್ಳಿಬಿಡುವರು. ಗಾಡಿಗೂ ನೇಗಿಲಿಗೂ ಕರಿಜಾಲಿಯೇ ಮೇಲೆಂಬುದು ಸರಿ. ಆದರೆ ಮರದ ಹುಟ್ಟುರೂಪವನ್ನೇ ಉಳಿಸಿಕೊಂಡು ಮಾಡುವ ಕುರ್ಚಿ, ಕಾಲ್ಮಣೆ, ದೀಪದ ಕಂಬಗಳಿಗೆ ಈ ಡೊಂಕೇ ಗುಣವು. ಬಾಗಿದ ಕೊಂಬೆಯು ಕುರ್ಚಿಯ ತೋಳಾಗುವುದು. ಮೂರು ಕವಲಿನ ಕೊಂಬೆಯನ್ನು ತಲೆಕೆಳಗಾಗಿ ನಿಲ್ಲಿಸಿದರೆ ದೀಪದ ಕಂಬಕ್ಕೆ ಬೇರೆ ಕಾಲು ಬೇಕಿಲ್ಲ. ಇದರ ಸೋದರಜಾತಿಯಾದ ಟೆಕ್ಸಾಸಿನ ಮೆಸ್ಕೀಟ್ ಮರದಿಂದ ಅಲ್ಲಿಯವರು ಬೆಲೆಬಾಳುವ ಮೇಜುಗಳನ್ನು ಮಾಡುತ್ತಾರೆ. ಮೆಸ್ಕೀಟ್ ಮರವು ಪೂರ್ಣವಾಗಿ ಒಣಗುವಾಗ ಉಂಗುರಗಳ ಜಾಡಿನಲ್ಲಿ ನೂರಕ್ಕೆ 3.2 ಭಾಗ ಕುಗ್ಗುವುದು, ಸಾಗುವಾನಿಯು 5.8 ಭಾಗ ಕುಗ್ಗುವುದು.

ಕೆಲಸವು ಕೆಡುವುದು ಸಾಮಾನ್ಯವಾಗಿ ಎರಡು ಕಾರಣಗಳಿಂದ: ಹುಳು ಮತ್ತು ಆತುರ. ತೊಗಟೆಯ ಕೆಳಗಿನ ಹಳದಿ ಭಾಗದಲ್ಲಿ ಕುಟ್ಟೆಹುಳುವು ಬೇಗನೆ ಸೇರುವುದು. ಒಳಗಿನ ಕೆಂಗಂದು ಕೆಚ್ಚು ಮಾತ್ರ ಬಾಳಿಕೆ ಬರುವುದು. ಆದುದರಿಂದ ಕಡಿದ ಕೆಲವು ದಿನಗಳೊಳಗೆ ತೊಗಟೆಯನ್ನು ಸುಲಿದು, ಹಳದಿ ಭಾಗವನ್ನು ಬಾಚಿಯಿಂದ ಕೆತ್ತತಕ್ಕದ್ದು. ಅಂದಕ್ಕಾಗಿ ಅದನ್ನು ಉಳಿಸಲೇಬೇಕಾದರೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲವನ್ನು ಕರಗಿಸಿದ ನೀರಿನಲ್ಲಿ ನೆನೆಯಿಡಬಹುದು. ಈ ಮದ್ದು ಮಳೆಗೆ ತೊಳೆದುಹೋಗುವುದರಿಂದ ಅಂತಹ ಸಾಮಾನು ಮನೆಯೊಳಗಿರತಕ್ಕದ್ದು.

ತುಂಡಿನ ಎರಡು ತುದಿಗಳಿಗೂ ಮೇಣವನ್ನಾಗಲಿ ದಪ್ಪ ಬಣ್ಣವನ್ನಾಗಲಿ ಬಳಿದು, ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲೆ, ಗಾಳಿಯಾಡುವ ನೆರಳಿನಲ್ಲಿ ಒಟ್ಟಬೇಕು. ಕಮಲಾಪುರದ ಬೇಸಿಗೆಯ ಬಿಸಿಲಿಗೆ ಇಟ್ಟ ಹಸಿಮರವು ಸೀಳದೆ ಉಳಿಯುವುದು ಅಪರೂಪ. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷವೆಂಬುದು ಹಳೆಯ ಲೆಕ್ಕ. ಇದಕ್ಕಿಂತ ನಂಬತಕ್ಕದ್ದು ತಕ್ಕಡಿ: ಗುರುತು ಮಾಡಿದ ತುಂಡನ್ನು ವಾರಕ್ಕೊಮ್ಮೆ ತೂಗಿ, ಕೆಲವು ವಾರ ತೂಕವು ಇಳಿಯದಿದ್ದರೆ ಆಗ ಕೆಲಸಕ್ಕೆ ತೆಗೆದುಕೊಳ್ಳಬಹುದು. ಸೀಳದ ಇಡೀ ಕೊಂಬೆಯು ಎಲ್ಲಿಯಾದರೂ ಬಿರಿಯಲೇಬೇಕು. ಕಣ್ಣಿಗೆ ಕಾಣದ ಮಗ್ಗುಲಿನಲ್ಲಿ ಉದ್ದಕ್ಕೂ ಒಂದು ಗರಗಸದ ಗೆರೆಯನ್ನು ಕೊಯ್ದಿಟ್ಟರೆ ಬಿರುಕು ಬಹುಮಟ್ಟಿಗೆ ಅಲ್ಲಿಯೇ ಬೀಳುವುದು.

ಜೋಡಣೆಗೆ ಕಬ್ಬಿಣದ ಮೊಳೆ ಬೇಡ. ಚೆನ್ನಾಗಿ ಒಣಗಿದ ಅಡ್ಡಪಟ್ಟಿಯ ತುದಿಯನ್ನು ಸ್ವಲ್ಪ ಹಸಿಯಿರುವ ಕಾಲಿನ ರಂಧ್ರದಲ್ಲಿ ಬಿಗಿಯಾಗಿ ಕೂರಿಸಿದರೆ, ಕಾಲು ಒಣಗುತ್ತ ಕುಗ್ಗಿ ಪಟ್ಟಿಯನ್ನು ತಾನೇ ಹಿಡಿದುಕೊಳ್ಳುವುದು. ಕೊನೆಗೆ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಉಜ್ಜತಕ್ಕದ್ದು. ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಎಸೆಯಕೂಡದು. ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು.

ದೀಪದ ಮರೆಗೆ ಬಾಳೆನಾರು ಒಪ್ಪುವುದು. ನದಿಯಾಚೆಯ ಆನೆಗೊಂದಿಯಲ್ಲಿ 1997ರಲ್ಲಿ ಸ್ಥಾಪಿತವಾದ ಕಿಷ್ಕಿಂದಾ ಟ್ರಸ್ಟ್ ಹೆಂಗಸರಿಗೆ ಬಾಳೆನಾರಿನ ಕೆಲಸವನ್ನು ಕಲಿಸಿದೆ. ಗೊನೆ ಕೊಯ್ದ ಮೇಲೆ ತೋಟದಲ್ಲಿ ಕೊಳೆಯುವ ದಿಂಡಿನ ಪಟ್ಟೆಯೇ ಅದಕ್ಕೆ ಸಾಮಗ್ರಿ. ನಾರು ಬೇಗನೆ ಉರಿಯುವುದರಿಂದ ಒಳಗೆ ಹೆಚ್ಚು ಕಾಯದ ಎಲ್‌ಇಡಿ ಬಲ್ಬನ್ನೇ ಹಾಕತಕ್ಕದ್ದು.

ಇಷ್ಟಾದರೂ ಈ ಜಾಲಿಯನ್ನು ಹೊಸದಾಗಿ ಯಾರೂ ನೆಡಕೂಡದು, ಇರುವುದೇ ಬೇಕಾದಷ್ಟು. ಮೇಲೆ ಕಡಿದರೆ ಬುಡವು ಮತ್ತೆ ಚಿಗುರುವುದು. ಹೊಲ ಹಸನಾಗಬೇಕಾದರೆ ನೆಲದೊಳಗೆ ಒಂದು ಅಡಿಯವರೆಗೆ ಅಗೆದು ಬುಡವನ್ನೇ ತೆಗೆಯಬೇಕು. ಆ ಗಂಟುಬುಡವೇ ಕಾಲ್ಮಣೆಗೆ ಬಹಳ ಚೆನ್ನಾದ ಮರವಾದುದರಿಂದ ಅಗೆದ ಕೂಲಿಯು ಸ್ವಲ್ಪಮಟ್ಟಿಗೆ ಹಿಂದಿರುಗುವುದು. ಹಂಪೆಯ ಸ್ಮಾರಕಗಳ ಸಮೀಪದ ಜಮೀನಿನಲ್ಲಿ ಅಗೆಯುವ ಮೊದಲು ಪುರಾತತ್ತ್ವ ಇಲಾಖೆಯವರನ್ನೂ, ಮರ ಕಡಿದು ಸಾಗಿಸುವ ಮೊದಲು ಅರಣ್ಯಾಧಿಕಾರಿಗಳನ್ನೂ ವಿಚಾರಿಸತಕ್ಕದ್ದು. ಕಡಿಯುವ ಆಳುಗಳಿಗೆ ದಪ್ಪ ಅಟ್ಟೆಯ ಮೆಟ್ಟು ಮತ್ತು ಚರ್ಮದ ಕೈಚೀಲಗಳನ್ನು ಕೊಡಿಸುವುದು ಜಮೀನುದಾರರ ಹೊಣೆ. ಈ ಮುಳ್ಳಿನ ಗಾಯವು ಬಹಳ ನೋಯುವುದು.