ರೊಬಸ್ಟಾ ಒಂಟಿಯಾಗಿ ಕಾಯಿ ಕಟ್ಟದು

ಹಳದಿ ಎಲೆ ರೋಗ ಹೊಕ್ಕ ತೋಟಗಳಲ್ಲಿ ಅಡಿಕೆಯ ನಡುವೆ ರೊಬಸ್ಟಾ ಕಾಫಿ ಹಾಕಿ ಸಂಸಾರ ಸಾಗಿಸುತ್ತಿರುವವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಬಹಳ ಮಂದಿ. ರೋಗಕ್ಕೆ ಔಷಧವಿಲ್ಲ, ಅಡಿಕೆ ಹೋದರೂ ಕಾಫಿ ಉಳಿಯಲಿ ಎಂಬ ಯೋಚನೆ ಸರಿಯಾದದ್ದೇ. ಆದರೆ ಗಿಡದ ಸ್ವಭಾವ ಅರಿಯದೆ ನೆಟ್ಟರೆ ನಾಲ್ಕು ವರ್ಷದ ಗೊಬ್ಬರ, ಕೂಲಿ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ರೊಬಸ್ಟಾ ಮಧ್ಯ ಆಫ್ರಿಕದ ಕಾಡುಮರ. ಕಾಂಗೋ, ಉಗಾಂಡ ಅದರ ತವರು. ನಾವು ಕತ್ತರಿಸಿ ಗಿಡವಾಗಿ ಇಟ್ಟುಕೊಂಡಿದ್ದೇವೆ, ಬಿಟ್ಟರೆ ಮೂವತ್ತಡಿ ಏರೀತು. ಉಗಾಂಡದ ಬುಗಾಂಡ ಸೀಮೆಯವರು ಇದನ್ನು ಕುಡಿಯುತ್ತಿರಲಿಲ್ಲ, ತಿನ್ನುತ್ತಿದ್ದರು. ಹಣ್ಣನ್ನು ಬೇಯಿಸಿ ಒಣಗಿಸಿ, ನಾವು ಎಲೆಅಡಿಕೆ ತಟ್ಟೆ ಇಡುವಂತೆ, ಬಂದ ನೆಂಟರ ಮುಂದೆ ಇಡುವುದು ಅವರ ಪದ್ಧತಿ. ಇಬ್ಬರು ಒಡಹುಟ್ಟಿದವರಂತೆ ಇರುವೆವೆಂದು ಮಾತು ಕೊಡುವಾಗ ಒಂದೇ ಹಣ್ಣಿನ ಎರಡು ಬೀಜಗಳನ್ನು ಹಂಚಿಕೊಳ್ಳುತ್ತಿದ್ದರು.

ಆ ಎರಡು ಬೀಜ ಕಟ್ಟುವ ಬಗೆಯೇ ನಮಗೆ ಮುಖ್ಯ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಸ್ವಂತ ಪರಾಗ ಹಿಡಿಸದು. ಬೇರೆ ಗಿಡದ್ದೇ ಬೇಕು. ಸಗೋತ್ರದಲ್ಲಿ ಸಂಬಂಧ ಮಾಡದ ನಮ್ಮ ಹಿರಿಯರ ಹಾಗೆ ಎನ್ನಿ! ಆದ್ದರಿಂದ ಒಂದೇ ತಾಯಿಗಿಡದಿಂದ ತೆಗೆದ ಕಸಿಗಿಡಗಳು ನೂರಿದ್ದರೂ ಲೆಕ್ಕಕ್ಕೆ ಒಂದೇ ಗಿಡ. ಹೂವು ಮಲ್ಲಿಗೆಯಂತೆ ಬಂದರೂ ಕಾಯಿ ನಿಲ್ಲದು. ಪರಾಗ ಸಾಲದೆ ಹೋದಲ್ಲಿ ಎರಡರಲ್ಲಿ ಒಂದೇ ಬೀಜ ಬಲಿತು ಪೀಬರಿಯೂ ಆದೀತು.

ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಈ ತೊಡಕು ಕಡಿಮೆ, ಒಂದರಂತೆ ಒಂದು ಇರುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿಸಿದ ಡಾ. ಕೋಲ್ಮನ್‌ರ ಕಾಲದಲ್ಲಿ, 1925ರಲ್ಲಿ, ನಮ್ಮ ಬಾಳೆಹೊನ್ನೂರಿನಲ್ಲೇ ಕಾಫಿ ಸಂಶೋಧನೆ ಆರಂಭವಾಯಿತು. ಎಸ್. 274 ಹಾಗೂ ಸಿ×ಆರ್ ತಳಿಗಳು ಅಲ್ಲಿಂದ ಬಂದವು. ಸಿ×ಆರ್ ಎಂದರೆ ಕಾಂಗೋ ಸೀಮೆಯದೇ ಆದ ಕಾಂಜೆನ್ಸಿಸ್ ಎಂಬ ಕಾಫಿಯೊಡನೆ ರೊಬಸ್ಟಾವನ್ನು ಕೂಡಿಸಿದ ತಳಿ. ಗಿಡ ಗಿಡ್ಡ, ಇಕ್ಕಟ್ಟಿನ ತೋಟಕ್ಕೆ ಹೊಂದುತ್ತದೆ. ಕಸಿಯೇ ಬೇಕೆನ್ನುವವರು, ಒಟ್ಟಿಗೆ ಹೂ ಬಿಡುವ ಮೂರು ನಾಲ್ಕು ತಾಯಿಗಿಡಗಳ ಕಸಿಗಳನ್ನು ಸಾಲು ಬದಲಿಸಿ ನೆಡಬೇಕು.

ಫೆಬ್ರವರಿ, ಮಾರ್ಚಿಯ ಹೂಮಳೆಯಾದ ಒಂದು ವಾರಕ್ಕೆ ಹೂವರಳುತ್ತದೆ. ಪರಾಗ ಸಾಗಿಸುವವರು ಗಾಳಿ ಮತ್ತು ಜೇನು. ಅಡಿಕೆಯ ಕೆಳಗೆ ಗಾಳಿಯಾಟ ಕಡಿಮೆಯಾದ್ದರಿಂದ ಜೇನೇ ಗತಿ. ಹೂವಿನ ದಿನಗಳಲ್ಲಿ ಕೀಟನಾಶಕ ಹೊಡೆಯಬಾರದು, ಸ್ಪ್ರಿಂಕ್ಲರನ್ನೂ ನಿಲ್ಲಿಸಬೇಕು. ತೋಟದಂಚಿನ ಹೆಜ್ಜೇನು ಕಟ್ಟುವ ಮರ ಕಡಿಯದಿರಿ. ಎರಡು ತುಡುವೆ ಪೆಟ್ಟಿಗೆ ಇಟ್ಟರೆ ತುಪ್ಪವೂ ಆಯಿತು.

ಇನ್ನೊಂದು ಮಾತು: ರೊಬಸ್ಟಾದ ಬೇರು ಮೇಲೆಯೇ ಹರಡುತ್ತದೆ. ಅಡಿಕೆಗೆಂದು ಬುಡದಲ್ಲಿ ಆಳವಾಗಿ ಅಗೆಯುವವರು ಕೈ ಹಿಡಿಯಬೇಕು.

ಸಸಿ ಕೊಳ್ಳುವಾಗ ಬೆಲೆಗಿಂತ ಮೊದಲು ತಾಯಿಗಿಡಗಳೆಷ್ಟು ಎಂದು ಕೇಳಿ. ಒಂದೇ ಎಂದರೆ, ನಡುನಡುವೆ ಬೀಜದ ಸಸಿಗಳ ಸಾಲು ಸೇರಿಸಿಕೊಳ್ಳಿ.