ಪ್ರಸಂಗ ಬಿಟ್ಟು ಹೋಗಬೇಡಿ

ಪ್ರೀತಿಯ ಹುಡುಗ ಹುಡುಗಿಯರೇ,

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವನು ನಾನು. ಈಗ ಗಲ್ಲಾ ಮಗನ ಕೈಯಲ್ಲಿದೆ. ಬಿಡುವಾದ ಮೇಲೆ ನನಗೆ ಹಕ್ಕಿ ನೋಡುವ ಗೀಳು ಹತ್ತಿತು. ಶಿವಮೊಗ್ಗ, ಭದ್ರಾವತಿಯ ಹಕ್ಕಿಪ್ರಿಯರು ಸೇರಿ ಮಾಡಿಕೊಂಡ ವಾಟ್ಸ್‌ಆ್ಯಪ್ ಗುಂಪಿಗೆ ನೀವೇ ನನ್ನನ್ನು ಸೇರಿಸಿದಿರಿ. ನೀರುಕಾಗೆ ಯಾವುದು, ಹಾವಕ್ಕಿ ಯಾವುದು ಎಂದು ಬಿಡಿಸಿ ಹೇಳಿದವರೂ ನೀವೇ. ಆ ಋಣ ನನ್ನ ಮೇಲಿದೆ. ಅದಕ್ಕೇ ಈ ನಾಲ್ಕು ಮಾತು.

ಹೋದ ಮಳೆಗಾಲದಲ್ಲಿ ನಡೆದದ್ದು ನೆನಪಿದೆಯಲ್ಲ? ನಮ್ಮ ಗುಂಪಿನ ಹುಡುಗಿಯೊಬ್ಬಳು ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಿಂದ ಒಂದು ಫೋಟೊ ಕಳಿಸಿದಳು. ತುಂಗೆ ಏರಿತ್ತು. ನಡುಗಡ್ಡೆ ಮುಳುಗಿ ಮರಗಳ ತಲೆಯಷ್ಟೇ ನೀರಿನ ಮೇಲೆ ಉಳಿದಿತ್ತು. ಅಂಥ ಒಂದು ಕೊಂಬೆಯ ಮೇಲೆ ಹಾವಕ್ಕಿ ಮರಿಗೆ ಗುಟುಕು ಕೊಡುತ್ತಿತ್ತು. ಇಬ್ಬರು ಮೆಚ್ಚಿದರು. ಮೂರನೆಯವರು ನದಿ ನೀರಿನ ಮಾತು ತೆಗೆದರು. ಅದರ ಹಿಂದೆ ಸರ್ಕಾರ ಬಂತು, ಸರ್ಕಾರದ ಹಿಂದೆ ಪಕ್ಷ, ಪಕ್ಷದ ಹಿಂದೆ ಜಾತಿ. ರಾತ್ರಿ ಹನ್ನೊಂದರ ಹೊತ್ತಿಗೆ ಆರು ಜನ ಗುಂಪು ಬಿಟ್ಟಿದ್ದರು. ಫೋಟೊ ಕಳಿಸಿದ ಹುಡುಗಿಯೂ ಆ ಆರರಲ್ಲಿ ಒಬ್ಬಳು. ಅಷ್ಟೂ ಹೊತ್ತು ಆ ಹಕ್ಕಿಯ ಬಗ್ಗೆ ಒಂದು ಮಾತೂ ಬರಲಿಲ್ಲ.

ಇದನ್ನು ಸಣ್ಣದೆಂದು ತಳ್ಳಿಹಾಕಬೇಡಿ. 2022ರ ಆಗಸ್ಟ್‌ನಲ್ಲಿ ಒಂದು ಫ್ಲೆಕ್ಸ್‌ನಿಂದ ಹೊತ್ತಿಕೊಂಡ ಜಗಳ ಎಲ್ಲಿಗೆ ಹೋಯಿತೆಂದು ನಾವು ಕಂಡಿದ್ದೇವೆ. ನಗರದಲ್ಲಿ ನಿಷೇಧಾಜ್ಞೆ ಬಂತು, ಗಾಂಧಿ ಬಜಾರಿನ ಅಂಗಡಿಗಳು ಬಾಗಿಲು ಹಾಕಿದವು. ದಿನದ ದುಡಿಮೆಯಲ್ಲೇ ಒಲೆ ಹೊತ್ತಿಸುವ ಹೂವಿನವರು, ಗಾಡಿಯವರು ಮೊದಲು ನರಳಿದರು. ಇಂಥ ಊರಿನಲ್ಲಿ ಬೇರೆ ಬೇರೆ ಮನೆಯ, ಬೇರೆ ಬೇರೆ ಮತದ ನೂರು ಜನ ಒಂದು ಹಕ್ಕಿಯ ನೆಪದಲ್ಲಿ ಒಟ್ಟಿಗೆ ಸೇರುವುದು ದೊಡ್ಡ ಸಂಪತ್ತು. ಅದನ್ನು ಒಂದು ರಾತ್ರಿಯ ವಾದಕ್ಕೆ ಕಳೆದುಕೊಳ್ಳಬಾರದು.

ವಾದ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ವಾದವನ್ನೇ ಕಲೆ ಮಾಡಿದ ಜನ ನಾವು. ತಾಳಮದ್ದಳೆ ನೋಡಿ. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ವಾಲಿವಧೆ ಪ್ರಸಂಗದಲ್ಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಸಾಕ್ಷಾತ್ ರಾಮನನ್ನೇ ಕೇಳುತ್ತಾನೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಅರ್ಥ ಹೇಳುತ್ತಾರೆಂದರೆ ಜನ ನಿದ್ದೆಗೆಟ್ಟು ಕೂರುತ್ತಿದ್ದರು. ಆ ವಾದ ಎಷ್ಟು ಖಾರವಾದರೂ ಪ್ರಸಂಗದ ಒಳಗೇ ಇರಬೇಕು. ವಾಲಿಯ ಅರ್ಥಧಾರಿ ಎದುರು ಕುಳಿತವರ ಮನೆತನವನ್ನು ಎಳೆದು ತಂದರೆ ಸಭೆ ಒಪ್ಪುವುದಿಲ್ಲ. ಮಾತು ಹಾದಿ ಬಿಟ್ಟಿತೆನಿಸಿದರೆ ಪದ್ಯ ಹಾಡುವ ಭಾಗವತರು ಗದರುವುದಿಲ್ಲ, ಉಪದೇಶ ಮಾಡುವುದಿಲ್ಲ. ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಮದ್ದಳೆಗೆ ಪೆಟ್ಟು ಬಿದ್ದ ಮೇಲೆ ಯಾವ ದೊಡ್ಡ ಅರ್ಥಧಾರಿಯೂ ಸುಮ್ಮನಾಗಲೇಬೇಕು.

ನಾನೂ ಅಂಗಡಿಯಲ್ಲಿ ಮಾಡಿದ್ದು ಇದನ್ನೇ. ಮದುವೆ ಜವಳಿಗೆ ಬಂದ ಬೀಗರು ಸೀರೆ ಬಿಟ್ಟು ಚುನಾವಣೆಯ ಜಗಳ ತೆಗೆದರೆ ನಾನು ಯಾರ ಪಕ್ಷವನ್ನೂ ಹಿಡಿಯುತ್ತಿರಲಿಲ್ಲ. ಇನ್ನೊಂದು ಸೀರೆ ಬಿಡಿಸಿ ಹಾಸುತ್ತಿದ್ದೆ. ಸೆರಗು ನೋಡಿದ ಹೆಂಗಸರು ಮಾತು ತಿರುಗಿಸುತ್ತಿದ್ದರು. ನೀವೂ ಹಾಗೆಯೇ ಮಾಡಿ. ಗುಂಪಿನಲ್ಲಿ ಕಿಡಿ ಬಿದ್ದರೆ ಉತ್ತರ ಕೊಡಲು ಹೋಗಬೇಡಿ, ಒಂದು ಹಕ್ಕಿಯ ಫೋಟೊ ಹಾಕಿ. ‘ಇದು ದೊಡ್ಡ ಬೆಳ್ಳಕ್ಕಿಯೋ ಸಣ್ಣದೋ?’ ಎಂದು ಕೇಳಿ. ಬಲ್ಲವರಿಗೆ ಉತ್ತರ ಹೇಳದೆ ಇರಲಾಗುವುದಿಲ್ಲ.

ಆದರೆ ಒಂದು ಎಚ್ಚರ ಇರಲಿ. ವಿಷಯ ಬಿಟ್ಟ ಮಾತೆಲ್ಲ ಜಗಳದ ಮಾತಾಗಿರುವುದಿಲ್ಲ. ಭದ್ರಾವತಿಯ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಅಲ್ಲಿನ ಗೆಳೆಯರೊಬ್ಬರು ಅದನ್ನು ಗುಂಪಿನಲ್ಲಿ ಬರೆದರು. ‘ಇಲ್ಲಿ ಹಕ್ಕಿ ಬಿಟ್ಟು ಬೇರೆ ಮಾತು ಬೇಡ’ ಎಂದು ಯಾರೋ ತಕ್ಷಣ ಬಾಯಿ ಮುಚ್ಚಿಸಿದರು. ನಿಯಮ ಸರಿ ಇರಬಹುದು, ನಡೆದುಕೊಂಡದ್ದು ಸರಿಯಲ್ಲ. 1923ರಲ್ಲಿ ಕೆಲಸ ಶುರುಮಾಡಿದ ಆ ಕಾರ್ಖಾನೆ ಭದ್ರಾವತಿಯ ಎಷ್ಟೋ ಮನೆಗಳಿಗೆ ಮೂರು ತಲೆಮಾರು ಅನ್ನ ಹಾಕಿದೆ. ನೂರು ವರ್ಷ ತುಂಬಿದ ತಿಂಗಳಲ್ಲೇ ಅಂಥ ಸುದ್ದಿ ಕೇಳಿದ ಮನುಷ್ಯ ತನ್ನವರೆಂದುಕೊಂಡವರ ಹತ್ತಿರ ಹೇಳಿಕೊಳ್ಳದೆ ಇನ್ನೆಲ್ಲಿ ಹೇಳಿಕೊಂಡಾನು? ನೋವನ್ನು ಜಗಳವೆಂದು ತಿಳಿಯಬೇಡಿ. ಅಂಥವರಿಗೆ ಅವತ್ತೇ ಫೋನ್ ಮಾಡಿ, ಪೂರ್ತಿ ಕೇಳಿಸಿಕೊಳ್ಳಿ. ಮಾತು ಮುಗಿದ ಮೇಲೆ ಅವರು ತಾವಾಗಿಯೇ ಹಕ್ಕಿಗೆ ಮರಳುತ್ತಾರೆ.

ಗುಂಪಿನ ಅಡ್ಮಿನ್ ಆದವರಿಗೂ ಒಂದು ಮಾತು. ಸದಸ್ಯರು ಹಾಕಿದ ಕೆಟ್ಟ ಪೋಸ್ಟ್‌ಗೆ ಅಡ್ಮಿನ್ ತಾನೇ ತಾನಾಗಿ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. ಕಾನೂನು ಬಿಟ್ಟರೂ ಮನಸ್ಸಾಕ್ಷಿ ಬಿಡದು. ಬೇರೆಯವರ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸುವ ಅವಕಾಶ ಅಡ್ಮಿನ್‌ಗೆ ಇದೆ, ಸ್ವಲ್ಪ ಹೊತ್ತು ಗುಂಪಿನ ಬಾಯಿ ಕಟ್ಟುವ ಅವಕಾಶವೂ ಇದೆ. ಯಾರದೇ ಜಾತಿ, ಮತದ ಮೇಲೆ ಮಾತು ಬಂದರೆ ಆ ಕ್ಷಣವೇ ಅಳಿಸಿ. ನಿಮ್ಮ ಗೆಳೆಯ ಬರೆದದ್ದಾದರೂ ಅಳಿಸಿ. ಆಮೇಲೆ ಅಳಿಸಿದ್ದೇಕೆಂದು ಅವನಿಗೆ ಒಬ್ಬನಿಗೇ ತಿಳಿಸಿ. ನಾಲ್ಕು ಜನರ ಮುಂದೆ ಬುದ್ಧಿ ಹೇಳಿದರೆ ಯಾರಿಗೂ ಬುದ್ಧಿ ಬರುವುದಿಲ್ಲ, ಹಟ ಬರುತ್ತದೆ.

ನಿಮ್ಮೊಳಗೆ ಸಿಟ್ಟು ಏರಿದಾಗ ಬರೆಯಿರಿ, ಆದರೆ ಕಳಿಸಬೇಡಿ. ಬೆಳಿಗ್ಗೆ ಎದ್ದು ಓದಿ. ಎದುರಿಗೆ ಕುಳಿತು ಕಾಫಿ ಕುಡಿಯುತ್ತಾ ಅದೇ ಮಾತನ್ನು ಆಡಬಲ್ಲಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆಡಲಾರೆ ಎನಿಸಿದರೆ ಅಳಿಸಿ. ರಾತ್ರಿಯ ವಾದದಲ್ಲಿ ನೀವು ಗೆದ್ದದ್ದು ಒಂದು ತಿಂಗಳು ಕಳೆದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಆದರೆ ಬೆಳಗಿನ ಜಾವ ನಿಮ್ಮ ಜೊತೆ ಹೊಳೆ ದಂಡೆಗೆ ಬರುತ್ತಿದ್ದ ಒಬ್ಬರು ಕಡಿಮೆಯಾದದ್ದು ಪ್ರತಿ ಸಲವೂ ನೆನಪಾಗುತ್ತದೆ.

ಮತ್ತೆ ಮಳೆ ಬರುತ್ತದೆ, ಮಂಡಗದ್ದೆಯ ಮರಗಳಿಗೆ ಹಕ್ಕಿಗಳೂ ಬರುತ್ತವೆ. ಅಷ್ಟರೊಳಗೆ ಆ ಆರು ಜನರನ್ನು ಮರಳಿ ಕರೆಯಿರಿ. ಫೋಟೊ ಕಳಿಸಿದ ಹುಡುಗಿಗೆ ನಾನು ಆಗಲೇ ಫೋನ್ ಮಾಡಿದ್ದೇನೆ. ಉಳಿದ ಐವರಿಗೆ ನೀವು ಮಾಡಿ.