ಆರೋಗ್ಯ ಪ್ರಶ್ನೋತ್ತರ: ಕೂಸು ಮನೆಯಲ್ಲಿ, ಕೆಲಸ ಹೊರಗೆ

ಕೆಲಸಕ್ಕೆ ಹೋಗುವ ತಂದೆತಾಯಂದಿರ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಎಲ್ಲರೂ ಕೇಳಿರುವುದು ಮಗುವಿನ ಬಗ್ಗೆ. ಆದರೆ ಅರ್ಧಕ್ಕರ್ಧ ಉತ್ತರ ಇರುವುದು ಮನೆಯ ದೊಡ್ಡವರು ಕೆಲಸ ಹಂಚಿಕೊಳ್ಳುವ ರೀತಿಯಲ್ಲಿ. ಮಕ್ಕಳ ವೈದ್ಯೆಯಾಗಿ ಅದನ್ನೂ ಔಷಧದಷ್ಟೇ ಮುಖ್ಯ ಎಂದು ನಂಬಿದ್ದೇನೆ.

ಪ್ರಶ್ನೆ: ನಾನು ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಹೆರಿಗೆಗೆ ಮೊದಲೇ ಐದು ವಾರ ರಜೆ ಹಾಕಿದ್ದರಿಂದ, ಮಗುವಿಗೆ ಐದು ತಿಂಗಳು ತುಂಬುವ ಮೊದಲೇ ಕೆಲಸಕ್ಕೆ ಹೋಗಬೇಕು. ಈಗ ನಾಲ್ಕು ತಿಂಗಳಾಗಿದೆ. ಈಗಿನಿಂದಲೇ ಹಸುವಿನ ಹಾಲಿಗೆ ನೀರು ಬೆರೆಸಿ ರೂಢಿ ಮಾಡಿಸು ಎನ್ನುತ್ತಾರೆ ಅತ್ತೆ. ಎದೆಹಾಲು ಹಿಂಡಿಟ್ಟು ಹೋದರೆ ಕೆಡುವುದಿಲ್ಲವೇ? ನನ್ನ ಹಾಲು ಬತ್ತಿ ಹೋದರೆ?
— ಹೆಸರು ಬೇಡ, ದಾವಣಗೆರೆ

ಉತ್ತರ: ಒಂದು ವರ್ಷ ತುಂಬುವವರೆಗೆ ಹಸುವಿನ ಹಾಲನ್ನು ಕುಡಿಯುವ ಹಾಲಾಗಿ ಕೊಡಬೇಡಿ, ಎಮ್ಮೆ ಹಾಲೂ ಬೇಡ. ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಎಳೆಯ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಒಸರುವಂತೆಯೂ ಅದು ಮಾಡಬಲ್ಲದು. ಪ್ರೋಟೀನು, ಲವಣ ಹೆಚ್ಚಿರುವುದರಿಂದ ಮೂತ್ರಪಿಂಡಕ್ಕೆ ಹೊರೆ. ನೀರು ಬೆರೆಸಿದರೆ ಈ ತೊಂದರೆಗಳು ನೀಗುವುದಿಲ್ಲ, ಮಗುವಿಗೆ ಸಿಗಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ. ನಿಮ್ಮ ಅತ್ತೆಯವರ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ, ಅವರು ಕಾಳಜಿಯಿಂದಲೇ ಹೇಳುತ್ತಿದ್ದಾರೆ. ಮುಂದಿನ ಲಸಿಕೆಗೆ ಬರುವಾಗ ಅವರನ್ನೂ ಕರೆತನ್ನಿ. ವೈದ್ಯರ ಬಾಯಲ್ಲೇ ಕೇಳಿದರೆ ಅವರ ಆತಂಕವೂ ಇಳಿಯುತ್ತದೆ, ನೀವು ಎದುರಾಡಿದಂತೆಯೂ ಆಗುವುದಿಲ್ಲ.

ಹಿಂಡಿದ ಹಾಲು ಕೆಡದಂತೆ ಇಡಬಹುದು. ಕೈ ಸೋಪಿನಿಂದ ತೊಳೆದು, ಕುದಿಸಿ ಆರಿಸಿದ ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಿಂಡಿ. ಪಂಪ್ ಇದ್ದರೆ ಅನುಕೂಲ, ಇಲ್ಲದಿದ್ದರೆ ಕೈಯೇ ಸಾಕು. ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿಟ್ಟು, ಮೊದಲು ಎದೆಗೂಡಿನತ್ತ ಒತ್ತಿ, ಆಮೇಲೆ ಮೃದುವಾಗಿ ಅದುಮಬೇಕು. ತೊಟ್ಟನ್ನು ಎಳೆಯಬಾರದು. ಮೊದಲ ದಿನಗಳಲ್ಲಿ ತಳ ಮುಚ್ಚುವಷ್ಟು ಮಾತ್ರ ಬಂದರೆ ಹಾಲೇ ಇಲ್ಲ ಎಂದುಕೊಳ್ಳಬೇಡಿ. ಮಗು ಚೀಪಿ ಎಳೆಯುವಷ್ಟು ಹಾಲನ್ನು ಕೈಯಾಗಲಿ ಪಂಪಾಗಲಿ ಎಳೆಯಲಾರದು.

ಕೋಣೆಯ ಉಷ್ಣತೆ 25 ಡಿಗ್ರಿಯೊಳಗಿದ್ದರೆ ಹಾಲು ನಾಲ್ಕು ಗಂಟೆ ಹೊರಗಿರಬಹುದು. ದಾವಣಗೆರೆಯ ಬೇಸಿಗೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಹಿಂಡಿದ ಕೂಡಲೇ ಫ್ರಿಜ್‌ಗೆ ಸೇರಿಸಿ. ಬಾಗಿಲಿನ ಅರೆಯಲ್ಲಿ ಬೇಡ, ಒಳಗೆ ಹಿಂಬದಿಗೆ ಇಡಿ. ಚೆನ್ನಾಗಿ ತಣ್ಣಗಿರುವ ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಕರೆಂಟು ಹೋಗಿ ಬರುವ, ದಿನಕ್ಕೆ ಹತ್ತಾರು ಸಲ ಬಾಗಿಲು ತೆರೆಯುವ ನಮ್ಮ ಮನೆಗಳಲ್ಲಿ ಒಂದೇ ದಿನದಲ್ಲಿ ಮುಗಿಸಿ ಎಂದು ನಾನು ಹೇಳುತ್ತೇನೆ. ಆಫೀಸಿನಲ್ಲಿ ಹಿಂಡಿದ್ದನ್ನು ಐಸ್ ಪ್ಯಾಕ್ ಇರುವ ಚೀಲದಲ್ಲಿ ತನ್ನಿ. ಮೇಲೆ ಕೆನೆ ಬೇರೆಯಾಗಿ ನಿಂತರೆ ಕೆಟ್ಟಿದೆ ಎಂದಲ್ಲ, ಡಬ್ಬಿಯನ್ನು ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಒಲೆಯ ಮೇಲೆ ಕಾಯಿಸುವುದು, ಮೈಕ್ರೋವೇವ್ ಎರಡೂ ಬೇಡ. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟರೆ ಸಾಕು. ಮಗು ಕುಡಿದು ಉಳಿಸಿದ್ದನ್ನು ಮುಂದಿನ ಹೊತ್ತಿಗೆ ಎತ್ತಿಡಬೇಡಿ.

ಬಾಟಲಿಯ ಬದಲು ಒಳಲೆಯಲ್ಲೋ ಚಮಚದಲ್ಲೋ ಕುಡಿಸಿ. ಒಳಲೆಯನ್ನು ದಿನಾ ಕುದಿಸಿ ತೊಳೆಯುವುದು ಸುಲಭ, ಬಾಟಲಿಯ ನಿಪ್ಪಲಿನ ಒಳಗಿನ ಜಿಡ್ಡು ತೆಗೆಯುವುದು ಕಷ್ಟ. ಬಾಟಲಿ, ಡಬ್ಬಿ ಹಾಲುಗಳ ಜಾಹೀರಾತನ್ನು 1992ರ ಕಾನೂನೇ ನಿಷೇಧಿಸಿದೆ, ಅಂಗಡಿಯವರ ಒತ್ತಾಯಕ್ಕೆ ಮಣಿಯಬೇಡಿ. ಹಾಗೆಂದು, ಎಲ್ಲ ಪ್ರಯತ್ನದ ನಂತರವೂ ಹಾಲು ಸಾಲದಿದ್ದರೆ ವೈದ್ಯರು ಹೇಳಿದ ಫಾರ್ಮುಲಾ ಕೊಡುವುದು ತಪ್ಪಲ್ಲ. ಅದಕ್ಕಾಗಿ ಯಾವ ತಾಯಿಯೂ ತಲೆ ತಗ್ಗಿಸಬೇಕಿಲ್ಲ. ಅಳತೆಯ ಚಮಚ ಮತ್ತು ನೀರಿನ ಪ್ರಮಾಣ ಮಾತ್ರ ಡಬ್ಬಿಯ ಮೇಲಿರುವಂತೆಯೇ ಇರಲಿ, ಹೆಚ್ಚು ದಿನ ಬರಲೆಂದು ನೀರು ಹೆಚ್ಚಿಸಬೇಡಿ.

ಕೆಲಸಕ್ಕೆ ಹೋಗುವ ಎರಡು ವಾರ ಮೊದಲೇ ದಿನಕ್ಕೊಂದು ಹೊತ್ತು ಅತ್ತೆಯವರೋ ಗಂಡನೋ ಕುಡಿಸಲಿ. ಆಗ ನೀವು ಆ ಕೋಣೆಯಲ್ಲಿರಬೇಡಿ, ಅಮ್ಮನ ವಾಸನೆ ಸಿಕ್ಕರೆ ಮಗು ಒಳಲೆ ತಳ್ಳುತ್ತದೆ. ಹೊರಡುವ ಮುಂಚೆ ಒಮ್ಮೆ, ಬಂದ ಕೂಡಲೇ ಒಮ್ಮೆ ಎದೆಗೆ ಹಾಕಿಕೊಳ್ಳಿ. ಹಗಲಿನ ಕೊರತೆ ತುಂಬಲು ಮಗು ರಾತ್ರಿ ಹೆಚ್ಚು ಕುಡಿಯಬಹುದು. ಅದು ಕೆಟ್ಟ ಚಾಳಿಯಲ್ಲ. ಹಾಲು ಉಕ್ಕಿಸುವ ಪ್ರೊಲ್ಯಾಕ್ಟಿನ್ ರಾತ್ರಿಯೇ ಹೆಚ್ಚಿರುವುದರಿಂದ ನಿಮ್ಮ ಹಾಲು ಬತ್ತದಂತೆ ಕಾಯುವುದೂ ಅದೇ.

ಆಫೀಸಿನಲ್ಲಿ ಮೂರು ಗಂಟೆಗೊಮ್ಮೆ ಹಿಂಡಲೇಬೇಕು. ಇಲ್ಲದಿದ್ದರೆ ಹಾಲು ಕಟ್ಟಿಕೊಂಡು ನೋವು, ಜ್ವರ ಬರುತ್ತದೆ, ದಿನ ಕಳೆದಂತೆ ಹಾಲೂ ಇಳಿಯುತ್ತದೆ. ಇದಕ್ಕೆ ಬಿಡುವು ಕೇಳಿ ಪಡೆಯುವ ಹಕ್ಕು ನಿಮಗಿದೆ. ಮಗುವಿಗೆ 15 ತಿಂಗಳಾಗುವವರೆಗೆ ಊಟದ ಬಿಡುವಿನ ಜೊತೆಗೆ ದಿನಕ್ಕೆ ಎರಡು ಬಿಡುವು ಕೊಡಬೇಕು, ಅದಕ್ಕಾಗಿ ಸಂಬಳ ಕತ್ತರಿಸುವಂತಿಲ್ಲ ಎನ್ನುತ್ತದೆ ಹೆರಿಗೆ ಸೌಲಭ್ಯದ ಕಾನೂನು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ರಜೆ 26 ವಾರಕ್ಕೆ ಏರಿತು. ಬರೀ ಎದೆಹಾಲು ಕೊಡಬೇಕಾದ ಆರು ತಿಂಗಳಿಗೂ ಅದಕ್ಕೂ ಹೆಚ್ಚುಕಡಿಮೆ ಸರಿಹೊಂದುತ್ತದೆ. ಹೆರಿಗೆಗೆ ಮೊದಲೇ ಕೆಲವು ವಾರ ಕಳೆದರೆ ಹೀಗೆ ಒಂದು ತಿಂಗಳ ಅಂತರ ಬೀಳುತ್ತದೆ. ಆ ಒಂದು ತಿಂಗಳಾದರೂ ಮನೆಯಿಂದ ಕೆಲಸ ಮಾಡಲು ಬಿಡಿ ಎಂದು ಈಗಲೇ ಪತ್ರ ಬರೆದು ಕೇಳಿ. ಕೆಲಸದ ಸ್ವರೂಪ ಹೊಂದಿದರೆ ಮಾತುಕತೆಯಿಂದ ಒಪ್ಪಿಕೊಳ್ಳಲು ಅದೇ ತಿದ್ದುಪಡಿ ಅವಕಾಶ ಕೊಟ್ಟಿದೆ, ನಿಮ್ಮದು ಲೆಕ್ಕಪತ್ರದ ಕೆಲಸ ಬೇರೆ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಬೇಳೆ ಸೇರಿಸಿ ನುಣ್ಣಗೆ ಕಿವುಚಿದ ಅನ್ನ ಶುರುವಾಗುತ್ತದೆ. ಆಮೇಲೆ ಹಗಲಿನ ಚಿಂತೆ ತಾನೇ ಹಗುರಾಗುತ್ತದೆ.

ಪ್ರಶ್ನೆ: ಮಗಳಿಗೆ ಆರು ವಾರ. ನಾನು ಆಫೀಸಿನಿಂದ ಬರುವ ಹೊತ್ತಿಗೇ ಅಳಲು ಶುರು ಮಾಡಿದರೆ ರಾತ್ರಿ ಹತ್ತಾದರೂ ನಿಲ್ಲಿಸುವುದಿಲ್ಲ. ಹಾಲು ಸಾಲದು ಎನ್ನುತ್ತಾರೆ ಒಬ್ಬರು, ದೃಷ್ಟಿಯಾಗಿದೆ ಎನ್ನುತ್ತಾರೆ ಇನ್ನೊಬ್ಬರು. ಗ್ರೈಪ್ ವಾಟರ್ ಕೊಡಲೇ? ಹೆಂಡತಿ ಕುಸಿದು ಹೋಗಿದ್ದಾಳೆ. ನನಗೆ ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಬೈಕಿನಲ್ಲಿ ಹೊರವರ್ತುಲ ರಸ್ತೆ.
— ಒಬ್ಬ ತಂದೆ, ಬೆಂಗಳೂರು

ಉತ್ತರ: ತಂದೆಯೊಬ್ಬರು ಬರೆದದ್ದು ಸಂತೋಷ. ಮೊದಲು ಹೆದರಬೇಕಾದ್ದನ್ನು ಹೇಳಿಬಿಡುತ್ತೇನೆ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ಬಿಡುವುದು, ತೊಡೆಸಂದಿಯಲ್ಲಿ ಊತ, ಮಂಕಾಗಿ ಮಲಗುವುದು: ಇವುಗಳಲ್ಲಿ ಒಂದಿದ್ದರೂ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಮೂರು ತಿಂಗಳೊಳಗಿನ ಕೂಸಿನ ಜ್ವರಕ್ಕೆ ಮನೆಯಲ್ಲಿ ಸಿರಪ್ ಹಾಕಿ ಕಾಯಬಾರದು.

ಇವು ಯಾವುವೂ ಇಲ್ಲದೆ, ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಮೂತ್ರ ಮಾಡುತ್ತ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ. ಸಂಜೆಯ ಅಳು ಎರಡನೇ ವಾರಕ್ಕೆ ಶುರುವಾಗಿ, ಸುಮಾರು ಆರನೇ ವಾರಕ್ಕೆ ತುತ್ತತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿದುಹೋಗುತ್ತದೆ. ನೀವು ಈಗ ಇರುವುದು ಅದರ ಅತಿ ಕಷ್ಟದ ವಾರದಲ್ಲಿ. ಮಗಳನ್ನು ಎದೆಗೆ ಒರಗಿಸಿಕೊಂಡು, ದೀಪ ತಗ್ಗಿಸಿ, ನಿಧಾನವಾಗಿ ನಡೆದಾಡಿ. ಬರಿ ಎದೆಗೆ ಬರಿ ಮೈ ತಾಗಿಸಿ ಮೇಲೊಂದು ಬಟ್ಟೆ ಹೊದೆಸಿದರೆ ಇನ್ನೂ ಒಳ್ಳೆಯದು, ಅದು ಅಮ್ಮನೇ ಮಾಡಬೇಕೆಂದೇನಿಲ್ಲ. ಗ್ರೈಪ್ ವಾಟರ್ ಬೇಡ. ಬಜೆ, ಜಾಯಿಕಾಯಿ ತೇದು ನೆಕ್ಕಿಸುವುದೂ ಬೇಡ. ಜೇನುತುಪ್ಪವಂತೂ ಒಂದು ವರ್ಷದೊಳಗೆ ಅಪಾಯ, ಅದರಲ್ಲಿರಬಹುದಾದ ರೋಗಾಣು ಎಳೆಗೂಸಿನ ನರಗಳನ್ನೇ ಸೋಲಿಸುತ್ತದೆ. ಹಿರಿಯರ ಸಮಾಧಾನಕ್ಕೆ ದೃಷ್ಟಿ ತೆಗೆಯಲಿ, ಮೆಣಸಿನಕಾಯಿ ಸುಟ್ಟ ಹೊಗೆ ಮಾತ್ರ ಮಗುವಿನ ಕೋಣೆಗೆ ಬಾರದಿರಲಿ. ಸಿಟ್ಟು ನೆತ್ತಿಗೇರಿತು ಅನ್ನಿಸಿದರೆ ಮಗುವನ್ನು ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ. ಅತ್ತರೂ ಚಿಂತೆಯಿಲ್ಲ. ಕುಲುಕಿದರೆ ಮೆದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಇದನ್ನು ಮನೆಯ ಎಲ್ಲರಿಗೂ, ನೋಡಿಕೊಳ್ಳುವ ಆಯಾಗೂ ಹೇಳಿಡಿ.

ಇನ್ನು ನಿದ್ದೆ. ಇಬ್ಬರೂ ಇಡೀ ರಾತ್ರಿ ಅರೆಎಚ್ಚರದಲ್ಲಿರುವುದರಿಂದ ಯಾರಿಗೂ ಲಾಭವಿಲ್ಲ. ಸರದಿ ಮಾಡಿ. ಒಂಬತ್ತರ ಸುಮಾರಿಗೆ ಹಾಲು ಕೊಟ್ಟು ಹೆಂಡತಿ ಬೇರೆ ಕೋಣೆಯಲ್ಲಿ ಮಲಗಲಿ. ಒಂದರವರೆಗೆ ಮಗು ನಿಮ್ಮದು: ಬಟ್ಟೆ ಬದಲಿಸುವುದು, ತೇಗು ತರಿಸುವುದು, ತೂಗುವುದು. ನಡುವೆ ಹಸಿವಾದರೆ ಹಿಂಡಿಟ್ಟ ಹಾಲಿರಲಿ. ಒಂದರ ನಂತರ ನೀವು ನಿಜವಾಗಿಯೂ ಮಲಗಿ. ಮಗುವನ್ನು ಎದೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ನಿದ್ದೆ ಹೋಗಬೇಡಿ, ಮೆತ್ತೆಗಳ ನಡುವೆ ಜಾರಿ ಉಸಿರುಗಟ್ಟುತ್ತದೆ. ನಿದ್ದೆಗೆಟ್ಟ ಮರುದಿನ ಬೈಕ್ ಮುಟ್ಟಬೇಡಿ, ಬಸ್ಸು ಅಥವಾ ಮೆಟ್ರೊ ಹಿಡಿಯಿರಿ.

ಕೇಂದ್ರ ಸರ್ಕಾರಿ ನೌಕರರಾದ ತಂದೆಗೆ 15 ದಿನದ ಪಿತೃತ್ವ ರಜೆಯಿದೆ. ಖಾಸಗಿ ಕಂಪನಿಗಳಲ್ಲಿ ಅದು ಮಾಲೀಕರ ಮನಸ್ಸಿಗೆ ಬಿಟ್ಟಿದ್ದು. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ನಿಮಗೆ ರಜೆ ಉಳಿದಿದ್ದರೆ ನಾಮಕರಣಕ್ಕೆಂದು ಕೂಡಿಡದೆ ಈ ವಾರವೇ ಹಾಕಿ.

ಪ್ರಶ್ನೆ: ಗಾರ್ಮೆಂಟ್ಸ್ ಕೆಲಸ. ಎಂಟು ತಿಂಗಳ ಮಗನನ್ನು ಕಾರ್ಖಾನೆಯ ಶಿಶುಪಾಲನಾ ಕೇಂದ್ರಕ್ಕೆ ಬಿಡಲು ಶುರು ಮಾಡಿದ ಮೇಲೆ ಶೀತ ಬಿಟ್ಟಿದ್ದೇ ಇಲ್ಲ. ಬಿಡಿಸಲೇ?
— ಓದುಗರು, ರಾಮನಗರ

ಉತ್ತರ: ಬೇಡ. ಎಳೆಯ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಶೀತ ಬರುವುದು ಸಹಜ, ನಾಲ್ಕು ಮಕ್ಕಳ ನಡುವೆ ಇನ್ನೂ ಸ್ವಲ್ಪ ಹೆಚ್ಚು. ಒಂದೆರಡು ವರ್ಷದಲ್ಲಿ ಕಡಿಮೆಯಾಗುತ್ತದೆ. ಮೂಗು ಕಟ್ಟಿದರೆ ಸಲೈನ್ ಹನಿ ಸಾಕು. ಅಂಗಡಿಯಿಂದ ಶೀತದ ಸಿರಪ್ ತರಬೇಡಿ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ಸಿರಪ್ಪನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಕೂಡದೆಂದು 2023ರಲ್ಲೇ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ. ಎದೆಗೆ ಕರ್ಪೂರದ ಎಣ್ಣೆ ಹಚ್ಚಿದರೆ ಫಿಟ್ಸ್ ಬರಬಹುದು. ಮಗು ಶಾಂತವಾಗಿರುವಾಗ ಒಂದು ನಿಮಿಷ ಉಸಿರು ಎಣಿಸಿ. 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ ಆಸ್ಪತ್ರೆಗೆ ಹೊರಡಿ. ಇನ್ನು ಕೇಂದ್ರದ ವಿಷಯಕ್ಕೆ ಬಂದರೆ, 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಲು ಬಿಡಬೇಕು ಎಂದು ಕಾನೂನಿದೆ. ಆ ನಾಲ್ಕೂ ಸಲ ಹೋಗಿ ಹಾಲು ಕೊಡಿ. ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆಗೆ ಅರ್ಧ ದಿನ ರಜೆಯನ್ನು ಈಗಲೇ ಹೇಳಿಡಿ.

ಪ್ರಶ್ನೆ: ಶಿಕ್ಷಕಿ. ಮಗುವಿಗೆ ಮೂರೂವರೆ ತಿಂಗಳು. ಯಜಮಾನರು ಪುಣೆಯಲ್ಲಿ, ನಾನು ತವರಿನಲ್ಲಿ. ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ. ಕಾರಣವಿಲ್ಲದೆ ಅಳು. ಮಗುವಿನ ಮೇಲೆ ಪ್ರೀತಿಯೇ ಉಕ್ಕುತ್ತಿಲ್ಲ. ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು ಅನ್ನಿಸುತ್ತದೆ. ಬಾಣಂತಿ ಅಳಬಾರದು ಎನ್ನುತ್ತಾಳೆ ಅವ್ವ.
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲುಗಳಿಂದಾಗಿ ಈ ಉತ್ತರ ಅಚ್ಚಾಗುವವರೆಗೂ ನೀವು ಕಾಯಬಾರದು ಎಂದು ಮರುದಿನವೇ ಪತ್ರ ಬರೆದಿದ್ದೇನೆ. ನಿಮ್ಮಂತೆಯೇ ಇರುವ ಇತರರಿಗಾಗಿ ಇಲ್ಲಿಯೂ ಹೇಳುತ್ತೇನೆ. ಹೆರಿಗೆಯ ಮೊದಲ ಎರಡು ವಾರದ ಕಣ್ಣೀರು ತಾನಾಗಿ ಹೋಗುತ್ತದೆ. ಅದು ಎರಡು ವಾರ ದಾಟಿ ಉಳಿದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅದು ಬಾಣಂತಿಯ ಖಿನ್ನತೆ. ಇದು ಕಾಯಿಲೆ, ವಾಸಿಯಾಗುವ ಕಾಯಿಲೆ. ನೀವು ಕೆಟ್ಟ ತಾಯಿ ಎಂಬುದಕ್ಕೆ ಸಾಕ್ಷಿಯಲ್ಲ. ಚಿಕಿತ್ಸೆಯಾದ ಮೇಲೆ ಪ್ರೀತಿ ಬರುತ್ತದೆ.

ಇಂದೇ 14416ಕ್ಕೆ ಕರೆ ಮಾಡಿ. ಅದು ಟೆಲಿ-ಮನಸ್, ಹಗಲೂ ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಈ ಯೋಚನೆ ಬರುವಷ್ಟು ದಿನ ಒಬ್ಬರೇ ಇರಬೇಡಿ, ಅವ್ವ ಪಕ್ಕದಲ್ಲೇ ಮಲಗಲಿ. ಮನೋವೈದ್ಯರನ್ನು ಈ ವಾರದಲ್ಲೇ ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರ್ಪಡಿಸದೆ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗವೇ ಇದೆ. ಸರ್ಟ್ರಲಿನ್‌ನಂಥ ಮಾತ್ರೆ ನುಂಗುತ್ತಲೇ ಹಾಲುಣಿಸಬಹುದು. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಇವೆರಡರ ಏರುಪೇರೂ ಬಾಣಂತಿಯನ್ನು ಹೀಗೆ ಹಿಂಡುತ್ತದೆ. ಯಜಮಾನರು ಈ ಸಾಲು ಓದುತ್ತಿದ್ದರೆ: ದಿನಾ ವಿಡಿಯೊ ಕಾಲ್ ಮಾಡಿದರೆ ಸಾಲದು, ರಜೆ ಹಾಕಿ ಬನ್ನಿ. ಅವ್ವನಿಗೆ ನನ್ನದೊಂದು ಕೋರಿಕೆ. ಅಳಬೇಡ ಎನ್ನುವ ಬದಲು ಮಗುವನ್ನು ಎತ್ತಿಕೊಂಡು, ಮಗಳಿಗೆ ನಾಲ್ಕು ಗಂಟೆ ಬಾಗಿಲು ಹಾಕಿಕೊಂಡು ಮಲಗಲು ಬಿಡಿ.

ಪ್ರಶ್ನೆ: ನನಗೆ 62. ಮಗ, ಸೊಸೆ ಇಬ್ಬರೂ ಕೆಲಸಕ್ಕೆ. ಹನ್ನೊಂದು ತಿಂಗಳ ಮೊಮ್ಮಗನನ್ನು ಬೆಳಿಗ್ಗೆಯಿಂದ ರಾತ್ರಿವರೆಗೆ ನಾನೇ ನೋಡಿಕೊಳ್ಳುವುದು. ಮೊಬೈಲ್ ತೋರಿಸದೆ ಒಂದು ತುತ್ತೂ ತಿನ್ನುವುದಿಲ್ಲ. ನನಗೆ ಮಂಡಿನೋವು, ಸಕ್ಕರೆ ಕಾಯಿಲೆ ಇದೆ. ಬೇಜಾರು ಮಾಡಿಕೊಳ್ಳುತ್ತಾರೆಂದು ಹೇಳಿಲ್ಲ.
— ಅಜ್ಜಿ, ಮೈಸೂರು

ಉತ್ತರ: ಅಮ್ಮಾ, ಎರಡು ವರ್ಷದೊಳಗಿನ ಮಗುವಿಗೆ ಮೊಬೈಲ್ ಬೇಡ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಪರದೆ ನೋಡುತ್ತ ತಿಂದ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ನೆಲದಲ್ಲಿ ಚಾಪೆ ಹಾಕಿ ಕೂರಿಸಿ, ತಟ್ಟೆಯಲ್ಲಿ ಮೆತ್ತಗಿನ ಇಡ್ಲಿ, ಬೆಂದ ಕ್ಯಾರೆಟ್ ತುಂಡು ಇಡಿ. ಕೈಯಿಂದ ಕಿವುಚಲಿ, ಚೆಲ್ಲಲಿ. ಇಪ್ಪತ್ತು ನಿಮಿಷದಲ್ಲಿ ತಿಂದಷ್ಟು ಸಾಕು, ಮೂರು ನಾಲ್ಕು ದಿನ ಹಟ ಮಾಡಬಹುದು. ಕಡಲೆಬೀಜ, ಇಡೀ ದ್ರಾಕ್ಷಿ ಕೈಗೆ ಸಿಗದಿರಲಿ.

ಎತ್ತಿಕೊಂಡು ಉಣಿಸುವುದು ನಿಂತರೆ ನಿಮ್ಮ ಮಂಡಿಗೂ ಬಿಡುವು. ನಿಮ್ಮ ಸಕ್ಕರೆ ಕಾಯಿಲೆಯ ವಿಷಯ ಮಗನಿಗೆ ತಿಳಿಯಲೇಬೇಕು. ಊಟ ತಪ್ಪಿಸಿ ಮಾತ್ರೆ ನುಂಗಿ, ಮಗುವನ್ನು ಎತ್ತಿಕೊಂಡಿರುವಾಗ ತಲೆ ಸುತ್ತಿ ಬಿದ್ದರೆ ಇಬ್ಬರಿಗೂ ಅಪಾಯ. ಹಗಲು ಮೂರು ಗಂಟೆಗಾದರೂ ಒಬ್ಬ ಸಹಾಯಕಿ ಬೇಕು, ಭಾನುವಾರ ಮಗು ಪೂರ್ತಿ ಅವರಿಬ್ಬರದು. ಹೇಳಲು ಸಂಕೋಚವಾದರೆ ಈ ಪುಟವನ್ನು ಮಗನ ಕೈಗೆ ಕೊಡಿ. ಮುಂದಿನ ವಾರ ನಿಮ್ಮನ್ನು ಖಾಲಿ ಹೊಟ್ಟೆಯ ಮತ್ತು ಮೂರು ತಿಂಗಳ ಸರಾಸರಿಯ ಸಕ್ಕರೆ ಪರೀಕ್ಷೆಗೆ ಅವರೇ ಕರೆದುಕೊಂಡು ಹೋಗಲಿ, ಮೊಮ್ಮಗ ಆ ಬೆಳಿಗ್ಗೆ ಸೊಸೆಯ ಜೊತೆಗಿರಲಿ.